ಸೂಜಿಯ ಅಳತೆ ಹಾಳೆ

ಫೆಬ್ರವರಿ ೯

ಅತ್ತೆಯವರಿಗೆ ನಮಸ್ಕಾರ.

ಬೇರೆ ಏನೆಂದು ಕರೆಯಬೇಕೋ ತಿಳಿಯದೆ ಹಾಗೇ ಬರೆದಿದ್ದೇನೆ. ನಿಮ್ಮ ಮಗನೂ ನಾನೂ ಕೋರ್ಟಿನಲ್ಲಿ ಬೇರೆಯಾಗಿ ಎರಡು ವರ್ಷವಾಗುತ್ತಾ ಬಂತು, ನಾಲಿಗೆ ಮಾತ್ರ ಬೇರೆ ಪದ ಕಲಿತಿಲ್ಲ. ಬೇಡವೆನ್ನಿಸಿದರೆ ಅದೊಂದನ್ನು ಹೊಡೆದುಹಾಕಿ ಮುಂದೆ ಓದಿ. ಫೋನ್ ಮಾಡಬಹುದಿತ್ತು. ನಮ್ಮಿಬ್ಬರ ಫೋನು ಹೇಗೆ ಮುಗಿಯುತ್ತದೆಂದು ನಿಮಗೂ ಗೊತ್ತು.

ವಿಷಯ ಕೆಲಸದ್ದು. ನಾನು ಆ ಮನೆಯಲ್ಲಿದ್ದಾಗ ನಿಮ್ಮ ಹೊಲಿಗೆ ಕಾರ್ಖಾನೆಗೆ ಕಂಪ್ಯೂಟರಿನಲ್ಲಿ ಒಂದು ವ್ಯವಸ್ಥೆ ಮಾಡಿಕೊಟ್ಟಿದ್ದೆ. ನೀವು ಯಾವುದಾದರೂ ಅಳತೆಯನ್ನೋ ಬಟ್ಟೆ ಕುಗ್ಗುವ ಲೆಕ್ಕವನ್ನೋ ಒಂದು ಕಡೆ ಬದಲಿಸಿದ ಕೂಡಲೇ, ಅದನ್ನು ನೆಚ್ಚಿಕೊಂಡಿರುವ ಕಟಿಂಗ್ ಹಾಳೆಗಳನ್ನೆಲ್ಲ ಅದು ತಾನೇ ಹೊಸದಾಗಿ ಬರೆದಿಡುತ್ತದೆ. ಅದರ ಆತುರ ನೋಡಿ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವ ಇಸ್ತ್ರಿಯಣ್ಣ ಅದಕ್ಕೆ ಅವಸರದಮ್ಮ ಎಂದು ಹೆಸರಿಟ್ಟಿದ್ದರು. ಈ ಊರಿಗೆ ಬಂದ ಮೇಲೂ ಅದನ್ನು ಇಲ್ಲಿಂದಲೇ ನಾನು ನೋಡಿಕೊಳ್ಳುತ್ತಿದ್ದೇನೆ. ಜುಲೈಯಿಂದ ಅದನ್ನು ಒಂದು ಕಂಪನಿಗೆ ಒಪ್ಪಿಸುತ್ತಿದ್ದೇನೆ. ನನಗೆ ಆಫೀಸಿನ ಕೆಲಸವೇ ಕುತ್ತಿಗೆವರೆಗೆ ಬಂದಿದೆ. ಇದರ ಜೊತೆ ಒಪ್ಪಿಗೆ ಪತ್ರ ಇಟ್ಟಿದ್ದೇನೆ, ಕೊನೆಯಲ್ಲಿ ಸಹಿ ಹಾಕಿ ಕಳಿಸಿ.

ಇನ್ನೊಂದು ಮಾತಿದೆ. ಆಸ್ಪತ್ರೆ, ಹೋಟೆಲುಗಳ ಸಮವಸ್ತ್ರದ ಹಾಳೆಗಳ ನಡುವೆ ಸೂಜಿಯ ಫ್ರಾಕಿನ ಹಾಳೆಯೂ ಒಂದಿದೆ. ಹುಟ್ಟಿದಾಗ ಸಣ್ಣಗಿದ್ದಳೆಂದು ಮೊಮ್ಮಗಳಿಗೆ ಆ ಹೆಸರಿಟ್ಟವರೂ ನೀವೇ, ಆ ಹಾಳೆ ಮಾಡಿಸಿದವರೂ ನೀವೇ. ಹೊರಗಿನವರ ಕೈಗೆ ಎಲ್ಲವನ್ನೂ ಕೊಡುವಾಗ ಮನೆಯ ಮಗುವಿನ ಅಳತೆ ಅದರಲ್ಲಿರುವುದು ಸರಿಯಲ್ಲ. ಒಪ್ಪಿಸುವ ಮುನ್ನ ಅದನ್ನು ತೆಗೆದುಹಾಕುತ್ತೇನೆ. ನಿಮಗೂ ಅದರಿಂದ ಉಪಯೋಗವಿದ್ದಂತೆ ಕಾಣಲಿಲ್ಲ.

ಸೂಜಿ ಚೆನ್ನಾಗಿದ್ದಾಳೆ. ಈಗ ಮೂರನೇ ತರಗತಿ.

ಇಂತಿ,
ನಿಮ್ಮ ಸೊಸೆಯಾಗಿದ್ದವಳು


ಫೆಬ್ರವರಿ ೨೭

ಸೊಸೆಯಾಗಿದ್ದವಳಿಗೆ,

ನಿನ್ನ ಕಾಗದ ಬಂತು. ಎಂಥ ಇಸ್ತ್ರಿ ಮಾಡಿದ ಭಾಷೆ, ಹುಡುಕಿದರೂ ಒಂದು ಸುಕ್ಕಿಲ್ಲ. ಬ್ಯಾಂಕಿನವರೇನಾದರೂ ಬರೆದಿದ್ದಾರೋ ಎಂದು ಲಕೋಟೆ ತಿರುಗಿಸಿ ನೋಡಿದೆ.

ಸಹಿ ಈಗಲೇ ಹಾಕುವುದಿಲ್ಲ. ನನ್ನ ಕನ್ನಡಕದ ಕಾಲು ಮುರಿದಿದೆ, ಸಣ್ಣ ಅಕ್ಷರ ಕಾಣುವುದಿಲ್ಲ. ಒಪ್ಪಿಗೆ ಪತ್ರವನ್ನು ಕಾಜದಕ್ಕನಿಗೆ ಓದಲು ಕೊಟ್ಟೆ. ಗುಂಡಿಗೆ ಕಾಜ ಹಾಕುತ್ತಿದ್ದವಳು ಕೈಯಲ್ಲಿದ್ದ ದಾರದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಅರ್ಧ ಪುಟ ಓದಿ, "ಅಮ್ಮಾ, ಇದರಲ್ಲಿ ನಾವು ಒಪ್ಪಬೇಕಾಗಿರೋದು ಏನು, ಅವರು ಕೈ ತೊಳ್ಕೊಳ್ಳೋದನ್ನಾ?" ಎಂದಳು. ನನಗೂ ಹಾಗೇ ಅನ್ನಿಸಿತು. ಪತ್ರ ಮೇಜಿನ ಡ್ರಾಯರಿನಲ್ಲಿದೆ. ಅದಕ್ಕೇನೂ ಕಾಲು ಬಂದಿಲ್ಲ, ಅಲ್ಲೇ ಇರುತ್ತದೆ.

ಇಲ್ಲಿ ಕೆಲಸಕ್ಕೆ ಬರವಿಲ್ಲ. ಬಟ್ಟೆಯ ಹೊಸ ಥಾನು ಬಿಚ್ಚದ ದಿನವೇ ಇಲ್ಲ. ಬೆಳಗ್ಗೆ ಬಂದ ಕೂಡಲೇ ಅಂಗೈಯಗಲದ ತುಂಡು ಕತ್ತರಿಸಿ, ಬಿಸಿನೀರಿನಲ್ಲಿ ಹಿಂಡಿ, ಇಸ್ತ್ರಿ ಎಳೆದು ಒಣಗಿಸಿ, ಎಷ್ಟು ಕುಗ್ಗಿತು ಎಂದು ಅಳೆದು ಕಂಪ್ಯೂಟರಿನಲ್ಲಿ ಬರೆದಿಡುತ್ತೇನೆ. ಆ ಕೆಲಸ ನಾನು ಇನ್ನೊಬ್ಬರಿಗೆ ಬಿಡುವುದಿಲ್ಲ ಎಂದು ನಿನಗೆ ಗೊತ್ತು. ಚಹಾ ಕುಡಿದು ಲೋಟ ಕೆಳಗಿಡುವುದರೊಳಗೆ ಅವಸರದಮ್ಮ ಹಾಳೆಗಳನ್ನೆಲ್ಲ ಹೊಸದಾಗಿ ಬರೆದಿಟ್ಟಿರುತ್ತಾಳೆ. ಆ ಮಟ್ಟಿಗೆ ನಿನ್ನ ಕೆಲಸ ಅಚ್ಚುಕಟ್ಟು. ಕೋಪ ಬಂದಾಗಲೂ ಅದನ್ನು ಒಪ್ಪಿಕೊಳ್ಳುತ್ತೇನೆ.

ಸೂಜಿಯ ಹಾಳೆ ತೆಗೆದುಹಾಕುತ್ತೇನೆ ಎಂದು ಬರೆದಿದ್ದೀಯ. ತೆಗೆ. ಒರೆಸಿ ಹಾಕುವುದರಲ್ಲಿ ನಿನ್ನ ಕೈ ಈಗಾಗಲೇ ಪಳಗಿದೆ. ಅದಕ್ಕೆ ನನ್ನ ಸಹಿಯ ಶೃಂಗಾರ ಬೇರೆ ಯಾಕೆ.

ಆ ಹಾಳೆ ಹೋಗುವ ಮುಂಚೆ ಒಂದು ಮಾತು. ನೀನು ಹಾಕಿರುವ ಅಳತೆಯಲ್ಲಿ ಅವಳ ಎರಡೂ ಭುಜಗಳು ಒಂದೇ ಎತ್ತರದಲ್ಲಿವೆ. ಅದು ಸುಳ್ಳು ಅಳತೆ. ಅವಳಪ್ಪನಿಗೆ ಎಡಭುಜ ಚೂರು ಇಳಿದಿದೆ, ಅವಳಿಗೂ ಇಳಿದಿರಬೇಕು. ನಿಲ್ಲಿಸಿ ಹಿಂದಿನಿಂದ ನೋಡು. ಭುಜ ತಪ್ಪಿದರೆ ಕಾಲರ್ ಒಂದು ಕಡೆ ಮುಖ ತಿರುಗಿಸಿಕೊಂಡು ಕೂರುತ್ತದೆ.

ಇಂತಿ,
ಕಟಿಂಗ್ ಮೇಜಿನವಳು


ಮಾರ್ಚ್ ೧೨

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ನಿಲ್ದಾಣದಲ್ಲಿ ಓದುತ್ತಾ ನಿಂತು ಎದುರಿಗೇ ಬಂದು ಹೋದ ಬಸ್ಸನ್ನು ಬಿಟ್ಟುಬಿಟ್ಟೆ.

ಸಂಜೆ ಸೂಜಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ನೋಡಿದೆ. ಎಡಭುಜ ಇಳಿದಿದೆ. ಇಷ್ಟು ದಿನ ಸ್ಕೂಲ್ ಬ್ಯಾಗಿನ ಭಾರಕ್ಕೆ ಹಾಗೆ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಆ ಹಾಳೆಯನ್ನು ನೀವು ಅಷ್ಟು ಗಮನವಿಟ್ಟು ನೋಡುತ್ತಿದ್ದೀರಿ ಎಂದು ಆಗ ಗೊತ್ತಾಯಿತು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಕೋಪ ಬಂತು. ನೋಡದೆ ಸುಮ್ಮನಿದ್ದವರ ಮೇಲೆ ಇಷ್ಟು ಕೋಪ ಬರುವುದಿಲ್ಲ.

ನಾನು ಏನು ಒರೆಸಿದೆ, ಹೇಳಿ. ಕಳೆದ ಎರಡು ವರ್ಷದಲ್ಲಿ ಅವಳ ಅಂಗಿಯ ತೋಳು ಗಿಡ್ಡವಾದಾಗಲೆಲ್ಲ ಟೇಪು ಹಿಡಿದು ಅಳೆದು ನಿಮ್ಮ ಕಂಪ್ಯೂಟರಿನಲ್ಲಿ ಬದಲಿಸಿದ್ದೇನೆ. ಅಂಗಡಿಯಲ್ಲಿ ಬಟ್ಟೆ ಸಿಗುವುದಿಲ್ಲವೆಂದಲ್ಲ. ಅವಳು ಟೇಪಿನ ತುದಿ ಹಿಡಿದುಕೊಂಡು "ಅಜ್ಜಿಗೆ ಕಳ್ಸಮ್ಮ, ಅಜ್ಜಿಗೆ ಕಳ್ಸಮ್ಮ" ಎಂದು ಕುಣಿಯುತ್ತಿದ್ದಳು. ಬಾಯಿ ಬಿಟ್ಟು ನಿಮ್ಮನ್ನು ಕೇಳುವುದಕ್ಕೆ ನನಗೆ ಮುಖವಿರಲಿಲ್ಲ. ಅಳತೆ ಬದಲಾದದ್ದನ್ನು ಕಂಡರೆ ನಿಮಗೇ ಅರ್ಥವಾಗುತ್ತದೆ, ನೀವೇ ಏನಾದರೂ ಹೊಲಿದು ಕಳಿಸುತ್ತೀರಿ ಎಂದುಕೊಂಡೆ. ನಾವಿಬ್ಬರೂ ಒಂದೇ ಮೇಜಿನ ಎರಡು ಕಡೆ ಅಷ್ಟು ವರ್ಷ ಕೆಲಸ ಮಾಡಿದವರು, ಅಷ್ಟನ್ನೂ ಬಿಡಿಸಿ ಹೇಳಬೇಕೇ ಅನ್ನಿಸಿತ್ತು.

ಒಂದು ಕರವಸ್ತ್ರವೂ ಬರಲಿಲ್ಲ ಅತ್ತೆ.

ಜನವರಿಯಲ್ಲಿ ಅಳತೆ ತೆಗೆಯಲು ಕರೆದಾಗ ಸೂಜಿ ಆಟ ಬಿಟ್ಟು ಏಳಲೇ ಇಲ್ಲ. "ಬಿಡಮ್ಮ, ಅಜ್ಜಿ ಹೊಲಿಯಲ್ಲ. ಅಂಗಡಿಗೇ ಹೋಗೋಣ" ಎಂದಳು. ಬೇಜಾರಿನಿಂದ ಹೇಳಿದ್ದರೆ ಸಮಾಧಾನ ಮಾಡುತ್ತಿದ್ದೆ. ಬಹಳ ದಿನಗಳಿಂದ ಗೊತ್ತಿರುವ ವಿಷಯವನ್ನು ಹೇಳುವ ಹಾಗೆ ಹೇಳಿದಳು. ಆ ವಾರವೇ ನಾನು ಕಂಪನಿಯವರನ್ನು ಹುಡುಕಿದ್ದು. ಆ ಹಾಳೆ ಅಲ್ಲಿರುವಷ್ಟು ದಿನ ನಾನು ನಿಮ್ಮಿಂದ ಏನಾದರೂ ಬರುತ್ತದೆಂದು ಕಾಯುತ್ತಲೇ ಇರುತ್ತೇನೆ. ಮಗು ಬಿಟ್ಟ ಆಸೆಯನ್ನು ನಾನೊಬ್ಬಳು ಹಿಡಿದುಕೊಂಡು ಕೂರುವುದು ಬೇಡ.

ದಯವಿಟ್ಟು ಸಹಿ ಹಾಕಿ ಕಳಿಸಿ.

ಇಂತಿ,
ಸೂಜಿಯ ಅಮ್ಮ


ಏಪ್ರಿಲ್ ೨೦

ಸೂಜಿಯ ಅಮ್ಮನಿಗೆ,

ತಡವಾಯಿತು. ಇದಕ್ಕೆ ಮುಂಚೆ ಬರೆದ ಕಾಗದಗಳನ್ನು ಕಾಜದಕ್ಕ ಅಂಚೆಗೆ ಹಾಕುತ್ತೇನೆಂದು ಇಸಿದುಕೊಂಡು, ಓದಿ, ನನ್ನ ಮುಂದೆಯೇ ಹರಿದಳು. "ಬೈಯೋದಕ್ಕೆಲ್ಲ ಸ್ಟಾಂಪು ದಂಡ ಮಾಡಬೇಡಿ. ಆಗಿದ್ದು ಏನು ಅದನ್ನ ಬರೀರಿ" ಎಂದಳು. ನನ್ನ ಕಾರ್ಖಾನೆಯಲ್ಲಿ ನನಗಿರುವ ಮರ್ಯಾದೆ ಇಷ್ಟು.

ಆಗಿದ್ದನ್ನು ಬರೆಯುತ್ತೇನೆ. ಕರವಸ್ತ್ರವೂ ಬರಲಿಲ್ಲ ಎಂದೆಯಲ್ಲ, ನಾನು ನಿನ್ನನ್ನು ಕೇಳಿದ್ದೆ. ಅಳತೆ ಬದಲಾದಾಗಲೆಲ್ಲ ಕೇಳಿದ್ದೆ. ನೀವು ಹೋದ ಮೇಲೆ ಬೆಳಗ್ಗೆ ಬಂದು ಮೊದಲು ತೆಗೆದು ನೋಡುವುದು ಸೂಜಿಯ ಹಾಳೆಯನ್ನೇ. ಮೊದಲ ಸಲ ಅಳತೆ ಬದಲಾಗಿದ್ದು ಕಂಡಾಗ ನನಗೆ ಏನಾಯಿತೆಂದು ಹೇಗೆ ಹೇಳಲಿ. ಮಗು ನನ್ನ ಕಣ್ಣೆದುರೇ ಎದ್ದು ನಿಂತ ಹಾಗಾಯಿತು. ಆದರೆ ಕೋರ್ಟಿನ ಕಾಗದದಲ್ಲಿ ಅಪ್ಪನಿಗೆ ಮಗುವನ್ನು ನೋಡಲು ರಜೆಯ ದಿನಗಳನ್ನು ಬರೆದುಕೊಟ್ಟಿದ್ದಾರೆ, ಅಜ್ಜಿಗೆ ಒಂದು ದಿನವನ್ನೂ ಬರೆದಿಲ್ಲ. ನನ್ನ ಮಗ ಅವಳನ್ನು ನೋಡಲು ನಿಮ್ಮ ಊರಿಗೆ ಬಂದು ಹೋಗುತ್ತಾನೆ, ಹಾಗೇ ತನ್ನ ಕೆಲಸದ ಊರಿಗೆ ಹೋಗುತ್ತಾನೆ. "ನೀನು ನಡುವೆ ಬರಬೇಡಮ್ಮ, ಇನ್ನೂ ಕೆಡುತ್ತೆ" ಎಂದು ನನಗೆ ಹೇಳಿಟ್ಟಿದ್ದ. ಹೇಳದೆ ಕೇಳದೆ ಬಟ್ಟೆ ಕಳಿಸಿ, ನೀನು ಅದನ್ನು ವಾಪಸ್ ಕಳಿಸಿದರೆ? ಅದನ್ನು ತಡೆಯುವ ಶಕ್ತಿ ನನಗಿರಲಿಲ್ಲ. ಅದಕ್ಕೆ ಮೊದಲು ಕೇಳಿದೆ.

ಸಂಜೆ ಎಲ್ಲರೂ ಹೊರಟ ಮೇಲೆ ಸೂಜಿಯ ಹಾಳೆ ತೆಗೆದು, ಕೆಳಗೆ ಖಾಲಿ ಇರುವ ಜಾಗದಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆಯುತ್ತಿದ್ದೆ. ಹಾಳೆಗಳನ್ನು ಯಾರಾದರೂ ಪ್ರಿಂಟ್ ತೆಗೆಯಬಹುದು, ಅವುಗಳಲ್ಲಿ ಬರೆಯುವ ಪಾಸ್‌ವರ್ಡ್ ಗೊತ್ತಿರುವುದು ನಮ್ಮಿಬ್ಬರಿಗೇ. ನೀನು ನೋಡೇ ನೋಡುತ್ತೀಯ ಎಂದು ನಂಬಿದ್ದೆ. ಬೆಳಗ್ಗೆ ಬಂದಾಗ ಬರೆದದ್ದು ಇರುತ್ತಿತ್ತು. ಚಹಾ ಕುಡಿದು ಬಂದು ನೋಡಿದರೆ ಮಾಯ. ಆ ಜಾಗ ತೊಳೆದ ಹಾಗೆ ಬಿಳಿ. ನೀನು ಆಫೀಸಿಗೆ ಬಂದು ಕೂರುವುದೂ ಅದೇ ಹೊತ್ತಿಗಲ್ಲವೇ. ಬಂದಳು, ಓದಿದಳು, ಒರೆಸಿದಳು ಎಂದುಕೊಂಡೆ. ಮತ್ತೆ ಬರೆದೆ. ಮತ್ತೆ ಅದೇ ಹೊತ್ತಿಗೆ ಹೋಯಿತು.

ಬೇಡ ಎಂದು ಬರೆದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಂದು ಉತ್ತರಕ್ಕೂ ಯೋಗ್ಯಳಲ್ಲವೇ ನಾನು ಎಂದು ಅತ್ತಿದ್ದೇನೆ. ಬಿದ್ದ ಗುಂಡುಸೂಜಿ ಹುಡುಕುವವಳ ಹಾಗೆ ಮೇಜಿನ ಕೆಳಗೆ ಬಗ್ಗಿ ಅತ್ತಿದ್ದೇನೆ. ಈಗ ನೀನು ಕಾಗದದಲ್ಲಿ ಏನು ಒರೆಸಿದೆ ಎಂದು ನನ್ನನ್ನೇ ಕೇಳುತ್ತೀಯ.

ಇಂತಿ,
ನಿನ್ನ ಅತ್ತೆಯಾಗಿದ್ದವಳು


ಏಪ್ರಿಲ್ ೨೮

ಅತ್ತೆ,

ನಾನು ಒಂದನ್ನೂ ಓದಿಲ್ಲ. ಒಂದನ್ನೂ ಒರೆಸಿಲ್ಲ. ಮೊದಲು ಇದನ್ನು ನಂಬಿ, ಆಮೇಲೆ ಮುಂದಕ್ಕೆ ಓದಿ.

ನೀವು ಬರೆದದ್ದು ಹಾಳೆಯ ಮೇಲೆ. ಹಾಳೆ ಅವಸರದಮ್ಮ ತಯಾರಿಸುವ ವಸ್ತು. ಅದಕ್ಕೆ ಬೇಕಾದ ಅಳತೆ, ಕುಗ್ಗುವ ಲೆಕ್ಕ, ಹೊಲಿಗೆಗೆ ಬಿಡುವ ಅಂಚು ಎಲ್ಲವೂ ಬೇರೆ ಫೈಲುಗಳಲ್ಲಿವೆ. ಅವು ಮೂಲ. ಮೂಲದಲ್ಲಿ ಒಂದು ಕೂದಲೆಳೆಯಷ್ಟು ಬದಲಾದರೂ ಅವಳು ಹಳೆಯ ಹಾಳೆಯನ್ನು ತಿದ್ದುತ್ತಾ ಕೂರುವುದಿಲ್ಲ. ಅದನ್ನು ಎತ್ತಿ ಎಸೆದು, ಮೂಲವನ್ನು ನೋಡಿಕೊಂಡು, ಮೊದಲಿನಿಂದ ಹೊಸ ಹಾಳೆ ಬರೆಯುತ್ತಾಳೆ. ಎಸೆಯುವ ಮುಂಚೆ ಅದರ ಮೇಲೆ ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು ನೋಡುವುದಿಲ್ಲ. ನಾನು ಅವಳಿಗೆ ಅದನ್ನು ಕಲಿಸಿಲ್ಲ. ಹಾಳೆಯ ಮೇಲೆ ಯಾರಾದರೂ ಬರೆಯಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಚಹಾಕ್ಕೆ ಮುಂಚೆ ನೀವು ಪ್ರತಿದಿನ ಏನು ಮಾಡುತ್ತೀರಿ? ಬಟ್ಟೆಯ ತುಂಡು ತೊಳೆದು, ಎಷ್ಟು ಕುಗ್ಗಿತೆಂದು ಬರೆದಿಡುತ್ತೀರಿ. ಆ ಕುಗ್ಗುವ ಲೆಕ್ಕ ಎಲ್ಲ ಹಾಳೆಗಳಿಗೂ ಮೂಲ. ನೀವು ಅದನ್ನು ಬರೆದ ಮರುಗಳಿಗೆ ಸೂಜಿಯ ಹಾಳೆಯೂ ಹೊಸದಾಯಿತು, ನಿಮ್ಮ ಮಾತು ಹೋಯಿತು. ಒರೆಸಿದ್ದು ನಾನಲ್ಲ ಅತ್ತೆ. ಹೇಳಲು ಸಂಕಟವಾಗುತ್ತದೆ, ಒರೆಸಿದ್ದು ನಿಮ್ಮ ಕೈಯೇ.

ನಾನು ಇಲ್ಲಿಂದ ಹಾಳೆಗಳನ್ನು ತೆರೆಯುವುದೇ ಇಲ್ಲ. ನೋಡುವುದು ಮೂಲವನ್ನು ಮಾತ್ರ. ಮೂಲ ಸರಿಯಿದ್ದರೆ ಹಾಳೆ ಸರಿಯಿರುತ್ತದೆ ಎಂದು ಆಫೀಸಿನಲ್ಲಿ ಎಲ್ಲರಿಗೂ ಪಾಠ ಹೇಳುವವಳು ನಾನು.

ನಿಮ್ಮ ಕಾಗದ ಬಂದಾಗಿನಿಂದ ಹುಡುಕಿದೆ. ಮೂಲ ಫೈಲುಗಳ ಹಳೆಯ ಪ್ರತಿಗಳೆಲ್ಲ ಜೋಪಾನವಾಗಿವೆ, ಸೂಜಿಗೆ ಒಂದು ವರ್ಷವಿದ್ದಾಗಿನ ಸೊಂಟದ ಅಳತೆಯೂ ಇದೆ. ಹಾಳೆಗಳ ಹಳೆಯ ಪ್ರತಿ ಒಂದೂ ಇಲ್ಲ. ಹಾಳೆ ಹೋದರೆ ಮತ್ತೆ ಬರುತ್ತದೆ, ಅದನ್ನು ಕೂಡಿಡುವುದು ದಂಡ ಎಂದು ತೀರ್ಮಾನಿಸಿದವಳೂ ನಾನೇ. ನೀವು ಬರೆದದ್ದು ಇನ್ನು ಎಲ್ಲಿಯೂ ಸಿಗುವುದಿಲ್ಲ. ಅದಕ್ಕೆ ಅಳು ಬರುತ್ತಿದೆ.

ಏನು ಬರೆದಿದ್ದಿರಿ?

ಈಗ ಒಂದು ಕೆಲಸ ಮಾಡಿದ್ದೇನೆ. ಪ್ರತಿ ಹಾಳೆಯ ಕೆಳಗೂ ಕಾರ್ಖಾನೆಯ ಹೆಸರು, ವಿಳಾಸ ಬರುತ್ತದಲ್ಲ, ಅದಕ್ಕೆ ಒಂದು ಮೂಲ ಫೈಲಿದೆ. ಅದರ ಪಕ್ಕದಲ್ಲೇ ಸೂಜಿಯ ಹಾಳೆಗೆ ಮಾತ್ರ ಸೇರುವ ಹಾಗೆ ಇನ್ನೊಂದು ಇಟ್ಟಿದ್ದೇನೆ. ಹೆಸರು, ವಿಳಾಸದ್ದನ್ನು ಮುಟ್ಟಬೇಡಿ, ಪಕ್ಕದ್ದರಲ್ಲಿ ಬರೆಯಿರಿ. ಅಲ್ಲಿ ಬರೆದದ್ದನ್ನು ಅವಸರದಮ್ಮ ಒರೆಸುವುದಿಲ್ಲ, ಹಾಳೆ ಹೊಸದಾದಾಗಲೆಲ್ಲ ತಾನೇ ಮತ್ತೆ ಬರೆಯುತ್ತಾಳೆ. ನಾನೂ ಓದಬಹುದು.

ಇಂತಿ,
ನಿಮ್ಮ ಸೊಸೆಯಾಗಿದ್ದವಳು


ಮೇ ೧೫

ಸೊಸೆಗೆ,

ನಿನ್ನ ಕಾಗದವನ್ನು ಎಲ್ಲರ ಮುಂದೆ ಓದಿಸಿದೆ. ಇಸ್ತ್ರಿಯಣ್ಣನಿಗೆ ಅರ್ಥವಾದ ಕೂಡಲೇ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, "ಅಂದ್ರೆ ಅಮ್ಮ, ನಿಮ್ಮ ಮಾತನ್ನ ನೀವೇ ಒಗೆದು ಹಿಂಡಿ ಹಾಕಿದ್ದೀರಿ" ಎಂದ. ನಗು ಬಂತು. ನಗುವುದು ನಿಂತ ಮೇಲೆ ಬೇರೇನೋ ಬಂತು. ಎಲ್ಲರೂ ನೋಡದವರ ಹಾಗೆ ಇದ್ದರು, ಒಳ್ಳೆಯ ಜನ.

ಏನು ಬರೆದಿದ್ದೆ ಎಂದು ಕೇಳಿದ್ದೀಯ. ದೊಡ್ಡದೇನಲ್ಲ. ಅಕ್ಷರ ಹುಡುಕಿ ಒತ್ತುವವಳು ಪುರಾಣ ಬರೆಯುತ್ತಾಳೆಯೇ. ಪ್ರತಿ ಸಲವೂ ಒಂದೇ ಮಾತು. "ಹೊಲೀಲಾ?" ಅಷ್ಟೇ. ಒಂದು ಸಲ ಮಾತ್ರ "ಹೊಲೀಲಾ, ಜೇಬು ಇಡಲಾ?" ಎಂದು ಬರೆದಿದ್ದೆ. ಅವಳಿಗೆ ಜೇಬು ಇಷ್ಟ, ಕಲ್ಲು ತುಂಬಿಕೊಳ್ಳುವುದಕ್ಕೆ.

ಇನ್ನೊಂದು ವಿಷಯ ಕಾಜದಕ್ಕನಿಗೂ ಹೇಳಿರಲಿಲ್ಲ. ಹೊಲಿಯಲಿಲ್ಲವೇ ಹೊರತು ನಾನು ಕತ್ತರಿಸದೆ ಬಿಟ್ಟಿಲ್ಲ. ನೀನು ಅಳತೆ ಬದಲಿಸಿದಾಗಲೆಲ್ಲ ಒಳ್ಳೆಯ ಬಟ್ಟೆಯ ಕೊನೆಯ ತುಂಡನ್ನು ಎತ್ತಿಟ್ಟು, ಆ ಹಾಳೆಯ ಪ್ರಕಾರ ಕತ್ತರಿಸಿ, ಮುಂಭಾಗ, ಹಿಂಭಾಗ, ತೋಳು ಎಲ್ಲ ಸೇರಿಸಿ ದಾರ ಸುತ್ತಿ ಬೀರುವಿನಲ್ಲಿಡುತ್ತಿದ್ದೆ. ಕತ್ತರಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ, ಹೊಲಿಯುವುದಕ್ಕೆ ಬೇಕು ಅನ್ನಿಸುತ್ತಿತ್ತು. ಉತ್ತರಕ್ಕೆ ಕಾಯುತ್ತಾ ಕೂತಾಗ ನೀನು ಮತ್ತೆ ಅಳತೆ ಬದಲಿಸುತ್ತಿದ್ದೆ. ಕಟ್ಟುಗಳು ಒಂದರ ಮೇಲೊಂದು ಹಾಗೇ ಇವೆ. ಕೆಳಗಿನದು ಎಷ್ಟು ಚಿಕ್ಕದೆಂದರೆ ಅವಳಿಗೆ ಈಗ ಅದು ಜೇಬಿಗಾದೀತು.

ನನ್ನ ಮಗನ ವಿಷಯ ನಾವು ಮಾತಾಡುವುದು ಬೇಡ. ಅವನು ನನ್ನ ಮಗ, ಅದಕ್ಕೆ ನಾನೇನೂ ಮಾಡಲಾರೆ. ನೀನು ಹೋದದ್ದು ತಪ್ಪೆಂದು ನಾನು ಎಂದೂ ಅನ್ನಲಿಲ್ಲ, ಸರಿಯೆಂದೂ ಅನ್ನಲಿಲ್ಲ. ಆದರೆ ನಿನ್ನ ಕಾಗದ ಓದಿದಂದಿನಿಂದ ಒಂದು ಯೋಚನೆ ತಲೆ ಬಿಟ್ಟು ಹೋಗುತ್ತಿಲ್ಲ. ಕೋರ್ಟಿನಲ್ಲಿ ಒಂದು ಸಾಲು ಬದಲಾಯಿತು. ಕೂಡಲೇ ನಾವೆಲ್ಲರೂ ಅವಸರದಮ್ಮನ ಹಾಗೆ ಹಳೆಯದನ್ನೆಲ್ಲ ಎತ್ತಿ ಎಸೆದು ಹೊಸದಾಗಿ ಬರೆದುಕೊಂಡೆವು. ನೀನು ಸೊಸೆಯಾಗಿದ್ದವಳಾದೆ. ನಾನು ಅತ್ತೆಯಾಗಿದ್ದವಳಾದೆ. ಯಾರಾದರೂ ಒಂದು ಗಳಿಗೆ ನಿಂತು, ಎಸೆಯುವುದರ ಮೇಲೆ ಏನು ಬರೆದಿದೆ ಎಂದು ನೋಡಿದರೇ?

ಯಾವ ಹಾಳೆ ಯಾವ ಫೈಲನ್ನು ನೆಚ್ಚಿಕೊಂಡಿದೆ ಎಂದು ಅವಸರದಮ್ಮನಿಗೆ ನೀನೇ ಮೊದಲು ಹೇಳಿಕೊಡಬೇಕು, ಅದನ್ನು ತಪ್ಪು ಹೇಳಿದರೆ ಬೇಡದ್ದೆಲ್ಲ ಬದಲಾಗುತ್ತದೆ ಎಂದು ಹಿಂದೆ ನನಗೆ ವಿವರಿಸಿದ್ದೆ. ಈ ಮನೆಯಲ್ಲಿ ಅದನ್ನು ಯಾರೋ ತಪ್ಪು ಹೇಳಿದ್ದಾರೆ. ಸೂಜಿ ನನ್ನ ಮೊಮ್ಮಗಳಾಗಿರುವುದು ನಿಮ್ಮ ಮದುವೆಯನ್ನು ನೆಚ್ಚಿಕೊಂಡಿಲ್ಲ. ಅವಳು ಹುಟ್ಟಿದ್ದನ್ನು ನೆಚ್ಚಿಕೊಂಡಿದೆ. ಅದು ಯಾವ ಕೋರ್ಟಿನಲ್ಲೂ ಬದಲಾಗುವುದಿಲ್ಲ. ನೀನು ನನ್ನ ಸೊಸೆ ಅನ್ನುವುದನ್ನೂ ನಾನು ಈಗ ಅವಳ ಕಡೆಯಿಂದಲೇ ಎಣಿಸುತ್ತೇನೆ. ನಿನಗೆ ಒಪ್ಪಿಗೆಯಿದ್ದರೆ.

ನಿನ್ನ ಹೊಸ ಫೈಲಿನಲ್ಲಿ ನಾನು ಬರೆಯುವುದಿಲ್ಲ. ಸುಟ್ಟುಕೊಂಡ ಕೈ, ಭಯ. ಕಾಗದದಲ್ಲಿ ಕೇಳುತ್ತೇನೆ, ಇದು ತಾನಾಗಿ ಹೊಸದಾಗುವುದಿಲ್ಲ. ನಿನ್ನನ್ನಲ್ಲ, ಅವಳನ್ನೇ ಕೇಳುತ್ತೇನೆ. ಓದಿ ಹೇಳು.

ಸೂಜೀ, ಅಜ್ಜಿ ಹೊಲೀಲಾ?

ಇಂತಿ,
ನಿನ್ನ ಅತ್ತೆ


ಜೂನ್ ೨

ಅತ್ತೆಗೆ,

ಒಪ್ಪಿಗೆ ಇದೆ.

ನಿಮ್ಮ ಕಾಗದವನ್ನು ಸೂಜಿಗೆ ಓದಿ ಹೇಳಿದೆ. ಕೋರ್ಟಿನ ಭಾಗ ಬಿಟ್ಟು ಉಳಿದದ್ದು. ಬೀರುವಿನ ಕಟ್ಟುಗಳ ವಿಷಯ ಬಂದಾಗ ತಡೆದು, "ಇನ್ನೊಂದು ಸಲ ಓದು" ಎಂದಳು. ಕೊನೆಯ ಸಾಲು ಓದಿದ ಮೇಲೆ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು.

"ಏನು ಬರೀಲಿ ಅಜ್ಜಿಗೆ?" ಎಂದೆ.

"ನೀನು ಬರೀಬೇಡ. ನಾನೇ ಬರೀತೀನಿ. ಎಲ್ಲಿ ಬರೆದ್ರೆ ಒರೆಸಿ ಹೋಗಲ್ಲ?"

ಕಂಪ್ಯೂಟರಿನಲ್ಲಿ ನಿಮಗಾಗಿ ಮಾಡಿದ ಜಾಗವನ್ನು ತೋರಿಸಿದೆ. ನಾಳೆ ಶಾಲೆಗೆ ರಜೆ, ನಾನು ಆಫೀಸಿಗೆ ಹೊರಡುವ ಮುಂಚೆ ಕೂತು ಬರೆಯುತ್ತಾಳಂತೆ. ನಾನು ನೋಡಬಾರದಂತೆ. ಅವಳು ಏನು ಬರೆಯುತ್ತಾಳೋ ನನಗೆ ತಿಳಿಯದು. ಅವಳು ಅಜ್ಜಿ ಹೊಲಿಯಲ್ಲ ಎಂದು ಒಂದು ಸಲ ತೀರ್ಮಾನಿಸಿದವಳು. ಕೋಪ ಬಂದರೆ ಬೇಗ ಬಿಡುವುದಿಲ್ಲ, ಅದನ್ನು ಎಲ್ಲಿಂದ ತಂದಳೆಂದು ನಾನು ಹೇಳಬೇಕಾಗಿಲ್ಲ. ಬೇಡ ಎಂದು ಬರೆದರೂ ನೀವು ಬೇಜಾರು ಮಾಡಿಕೊಳ್ಳಬೇಡಿ. ನಾನು ನಿಧಾನವಾಗಿ ಮಾತಾಡುತ್ತೇನೆ.

ಕಂಪನಿಯವರು ಸಹಿಯ ಪತ್ರ ಎಲ್ಲಿ ಎಂದು ಕೇಳುತ್ತಿದ್ದಾರೆ. ಜುಲೈ ಹತ್ತಿರವಾಯಿತು. ಏನು ಹೇಳಲಿ?

ಇಂತಿ,
ನಿಮ್ಮ ಸೊಸೆ


ಜೂನ್ ೬

ಸೊಸೆಗೆ,

ಮಗಳ ಕೆಲಸ ನೋಡಿದೆಯೋ ಇಲ್ಲವೋ. ನೋಡಿರಲಾರೆ, ನೋಡಿದ್ದರೆ ಇಷ್ಟು ಹೊತ್ತಿಗೆ ಸರಿಮಾಡಿರುತ್ತಿದ್ದೆ.

ಮೂರನೇ ತಾರೀಕು ಬೆಳಗ್ಗೆ ನಾನು ಬರುವಷ್ಟರಲ್ಲಿ ಇಸ್ತ್ರಿಯಣ್ಣ ಅಂದಿನ ಕೆಲಸದ ಹಾಳೆಗಳನ್ನು ಪ್ರಿಂಟ್ ತೆಗೆದಿಟ್ಟಿದ್ದ. ಕೈಯಲ್ಲಿ ಒಂದು ಹಾಳೆ ಹಿಡಿದು ಬಾಗಿಲಲ್ಲೇ ನಿಂತಿದ್ದ. "ಅಮ್ಮಾ, ಆಪರೇಷನ್ ಗೌನಿಗೆ ಜೇಬು ಯಾವಾಗಿಂದ?" ಎಂದ. ಹಾಳೆ ಇಸಿದುಕೊಂಡು ನೋಡಿದೆ. ಡಾಕ್ಟರ ಗೌನಿನ ಹಾಳೆ. ಕೆಳಗೆ ಕಾರ್ಖಾನೆಯ ಹೆಸರು, ವಿಳಾಸ ಇರಬೇಕಾದಲ್ಲಿ ಹೀಗಿತ್ತು:

ಹೂಂ ಅಜ್ಜಿ. ಹೊಲಿ. ಎರಡೂ ಕಡೆ ಜೇಬು ಇಡು.

ಹೋಟೆಲಿನ ಏಪ್ರನ್ನಿನ ಹಾಳೆ ತೆಗೆದೆ, ಅದರ ಕೆಳಗೂ ಅದೇ. ಕಾವಲುಗಾರರ ಶರ್ಟು, ದಾದಿಯರ ಕೋಟು, ಕಸ ಗುಡಿಸುವವರ ಪ್ಯಾಂಟು, ಎಲ್ಲದರ ಕೆಳಗೂ ಅದೇ. ಹುಡುಗಿ ನೀನು ತೋರಿಸಿದ ಜಾಗ ಬಿಟ್ಟು ಪಕ್ಕದ ಹೆಸರು, ವಿಳಾಸದ ಫೈಲನ್ನು ಅಳಿಸಿ ಅಲ್ಲಿ ಬರೆದಿದ್ದಾಳೆ. ಅವಸರದಮ್ಮನನ್ನು ಕೇಳಬೇಕೇ, ಕಾರ್ಖಾನೆಯ ಒಂದು ಹಾಳೆಯನ್ನೂ ಬಿಡದೆ ಹಂಚಿದ್ದಾಳೆ. ನಿನ್ನೆ ಗೌನಿನ ಕಟ್ಟುಗಳ ಜೊತೆ ಹಾಳೆಯೂ ಹೋಗಿ, ಆಸ್ಪತ್ರೆಯ ಉಗ್ರಾಣದವರು ಫೋನ್ ಮಾಡಿ, "ನಿಮ್ಮ ವಿಳಾಸ ಕಾಣ್ತಿಲ್ಲ, ಈ ಅಜ್ಜಿ ಯಾರು?" ಎಂದರು. "ನಾನೇ" ಎಂದೆ. ಮುಂದೆ ಏನು ಕೇಳಿದರೋ ನನ್ನ ಕಿವಿಗೆ ಬೀಳಲಿಲ್ಲ, ಕಾಜದಕ್ಕ ಫೋನ್ ತೆಗೆದುಕೊಂಡಳು.

ಸರಿಮಾಡಬೇಡ. ವಿಳಾಸ ಬೇಕಾದವರಿಗೆ ಕೈಯಲ್ಲಿ ಬರೆದುಕೊಡುತ್ತೇವೆ.

ಕಂಪನಿಯವರಿಗೆ ಸಹಿಯ ಪತ್ರ ಇನ್ನು ಬರುವುದಿಲ್ಲ ಎಂದು ಹೇಳು. ಪತ್ರದ ಕಾಗದ ಗಟ್ಟಿಯಾಗಿತ್ತು, ಹಿಂಬದಿ ಖಾಲಿಯಿತ್ತು. ಅದರ ಮೇಲೆ ಸೂಜಿಯ ಕಾಲರ್ ಬರೆದು ಕತ್ತರಿಸಿದ್ದೇನೆ. ಎಡಗಡೆ ಚೂರು ಇಳಿಸಿ ಬರೆದಿದ್ದೇನೆ, ಆದರೂ ಕಣ್ಣಿಗೆ ಕಾಣದ ಭುಜಕ್ಕೆ ಕಾಲರ್ ಮಾಡುವುದು ಅಂದಾಜಿನ ಕೆಲಸ. ಅವಳನ್ನು ಕರೆದುಕೊಂಡು ಬಾ. ಯಾರ ಮನೆಗೆ ಬಂದೆ ಎಂದು ಯಾರಾದರೂ ಕೇಳಿದರೆ ಅಳತೆ ಕೊಡುವುದಕ್ಕೆ ಬಂದೆ ಎನ್ನು. ಕಾಜದಕ್ಕ ಆಗಲೇ ಗುಂಡಿ ಆರಿಸಿದ್ದಾಳೆ, ನಾನು ಬೇಡವೆಂದದ್ದನ್ನೇ.

ಮೂರನೇ ತಾರೀಕಿನದು ಇನ್ನೊಂದು ಉಳಿದಿದೆ. ಹಾಳೆಗಳನ್ನು ನೋಡಿದ ಮೇಲೆ ಹೊಸ ಥಾನು ಬಿಚ್ಚಿ ತುಂಡು ತೊಳೆದೆ, ಇಸ್ತ್ರಿ ಎಳೆದೆ, ಅಳೆದೆ. ಕಂಪ್ಯೂಟರಿನ ಮುಂದೆ ಕೂತರೆ ಕೈ ಏಳಲಿಲ್ಲ. ಇದನ್ನು ಬರೆದ ಮರುಗಳಿಗೆ ಎಲ್ಲ ಹೊಸದಾಗುತ್ತದೆ, ಅವಳ ಮಾತೂ ಹೋಗುತ್ತದೆ ಅನ್ನಿಸಿತು. ಮೂಲದಲ್ಲಿ ಬರೆದದ್ದು ಹೋಗುವುದಿಲ್ಲ ಎಂದು ನೀನು ಬರೆದಿದ್ದೆ, ಆದರೂ ನನ್ನ ಕೈಗೆ ಅದು ಗೊತ್ತಿಲ್ಲವಲ್ಲ. ಇಸ್ತ್ರಿಯಣ್ಣ, ಕಾಜದಕ್ಕ ಇಬ್ಬರೂ ಹಿಂದೆ ಬಂದು ನಿಂತರು. ಕುಗ್ಗಿದ್ದನ್ನು ಬರೆದೆ. ಚಹಾ ಬಂತು, ಯಾರೂ ಕುಡಿಯಲಿಲ್ಲ. ಹಾಳೆಗಳು ಒಂದೊಂದಾಗಿ ಹೊಸದಾದವು. ಸೂಜಿಯ ಹಾಳೆ ತೆಗೆದು ಕೆಳಗೆ ನೋಡಿದೆ.

ಹೂಂ ಅಲ್ಲೇ ಇತ್ತು.

ಇಂತಿ,
ಸೂಜಿಯ ಅಜ್ಜಿ